ಬಲಪಕ್ಕೆಯ ಕೆಳಗೆ

ಹೆಣಕ್ಕೆ ಹೊಯ್ಯುವ ನೀರು ಉಗುರುಬೆಚ್ಚಗಿರಬೇಕೋ ತಣ್ಣಗಿರಬೇಕೋ ಎಂಬ ಮಹತ್ವದ ಪ್ರಶ್ನೆ ಆ ಬೆಳಿಗ್ಗೆ ದಮಸ್ಕದ ಹಕೀಮ ಹಿಬತುಲ್ಲನ ಅಂಗಳದಲ್ಲಿ ತೀರ್ಮಾನವಾಗದೆ ನಿಂತಿತ್ತು.

"ಬೆಚ್ಚಗಿರ್ಲಿ," ಎಂದ ಹಕೀಮ ರಶೀಕ್, ಬೋರೆ ಎಲೆ ಕದಡಿದ ನೀರಿಗೆ ಬೆರಳದ್ದಿ.

"ಇನ್ನು ಇವರಿಗೆ ನೆಗಡಿ ಆಗಲ್ಲ ಹಕೀಮರೇ," ಎಂದ ಹೆಣ ತೊಳೆಯುವ ಬರಕಾತ್. "ನಲವತ್ತು ವರ್ಷದಿಂದ ತೊಳೀತಿದೀನಿ, ಒಬ್ರೂ ಚಳಿ ಅಂದಿಲ್ಲ."

ಬರಕಾತನಿಗೆ ಸಿಟ್ಟಿತ್ತು. ತನ್ನ ಮೈಯನ್ನು ರಶೀಕನೇ ತೊಳೆಯಬೇಕೆಂದು ಹೇಳಿ ಹಿಬತುಲ್ಲ ಸತ್ತಿದ್ದ. ಬರಕಾತ್ ಬರೀ ನೀರು ಹೊಯ್ಯಬೇಕು. ಹನ್ನೊಂದು ವರ್ಷ ಮಾತು ಬಿಟ್ಟವನನ್ನು ಕರೆಸಿದ್ದೇಕೆಂದು ಬೀದಿಯೆಲ್ಲ ಗುಸುಗುಸು.

*

ಜಗಳ ಹುಟ್ಟಿದ್ದು ಒಂದು ಮದುವೆಯೂಟದಲ್ಲಿ. ದೇಹಕ್ಕೆ ಹೃದಯವೊಂದೇ ದೊರೆ, ಮಿದುಳು, ಯಕೃತ್ತು ಅದರ ಮಂತ್ರಿಗಳು ಎಂದ ರಶೀಕ್. ಮೂರೂ ದೊರೆಗಳೇ, ಅವುಗಳ ಸೀಮೆ ಅವುಗಳಿಗೆ ಎಂದ ಹಿಬತುಲ್ಲ.

"ಯಕೃತ್ತು ದೊರೆಯಂತೆ! ರಕ್ತ ಬೇಯಿಸೋ ಅಡುಗೆಯವನ ತಲೆಗೆ ಕಿರೀಟ ಇಡ್ತಾನೆ ನೋಡ್ರೋ!" ಎಂದು ರಶೀಕ್ ಕೂಗಿದ.

ಪಂಕ್ತಿಯೆಲ್ಲ ನಕ್ಕಿತು. ಹಿಬತುಲ್ಲ ಅರ್ಧ ಊಟಕ್ಕೇ ಕೈ ತೊಳೆದ. ಮತ್ತೆ ಸಲಾಮಿಲ್ಲ.

ಹೋದ ಚಳಿಗಾಲ ಊರ ಸ್ನಾನಗೃಹವಾದ ಹಮಾಮಿನ ಬಾಗಿಲಲ್ಲಿ ಎದುರಾದಾಗ ಹಿಬತುಲ್ಲನ ಕಣ್ಣಿನ ಬಿಳಿ ಭಾಗ ಕೇಸರಿ ನೀರಿನ ಹಾಗೆ ಹಳದಿಯಾಗಿತ್ತು. ರಶೀಕ್ ಬಾಯಿ ತೆರೆದ. ಮೊದಲು ಅವನೇ ಸಲಾಂ ಹೇಳಲಿ ಅನ್ನಿಸಿತು. ಮುಚ್ಚಿಕೊಂಡ.

*

ಒಳಗೆ ಉಳಿದದ್ದು ಹೊರಬರಲೆಂದು ಹೆಣದ ಹೊಟ್ಟೆಯನ್ನು ಮೆಲ್ಲಗೆ ಒತ್ತುವುದು ಪದ್ಧತಿ. ರಶೀಕ್ ಒತ್ತಿದ. ಬಲಪಕ್ಕೆಯ ಕೆಳಗೆ ಅಂಗೈ ನಿಂತಿತು. ಯಕೃತ್ತು ಹೊಕ್ಕುಳವರೆಗೆ ಊದಿ ಕಲ್ಲಾಗಿತ್ತು.

"ಜಠರದ ಶೀತ ಅಂತ ತಾವೇ ಅಂದ್ಕೊಂಡು ಆರು ತಿಂಗಳು ಶುಂಠಿ ಕುಡಿದ್ರು," ಎಂದಳು ಪರದೆಯಾಚೆಯಿಂದ ಹಿಬತುಲ್ಲನ ಹೆಂಡತಿ ತುರ್ಫಾ. "ಕುಡಿದಷ್ಟೂ ಉರಿ."

ಕಾದ ಯಕೃತ್ತಿಗೆ ಶುಂಠಿ! ಬೇಕಿದ್ದದ್ದು ಕಾಸನಿ ಬೀಜದ ತಂಪು ಕಷಾಯ. ಎಳೆಯ ಹಕೀಮನೂ ಬಲ್ಲ. ತನ್ನ ಕಣ್ಣು ತನಗೆ ಕಾಣದು, ನೋಡಿ ಹೇಳುವವರೊಬ್ಬರು ಬೇಕಿತ್ತು ಅಷ್ಟೆ.

"ನನ್ನ ಕಣ್ಣಿಗೆ ಪೊರೆ ಅಣ್ಣ, ಅವರ ಬಣ್ಣ ನಂಗೆ ತಿಳೀಲಿಲ್ಲ. ಹಮಾಮಲ್ಲಿ ನೀವು ಸಿಕ್ಕಿದ್ರಂತೆ. 'ರಶೀಕ್ ನನ್ನ ದಿಟ್ಟಿಸಿ ನೋಡ್ದ, ಏನೂ ಅನ್ಲಿಲ್ಲ. ಜಗಳ ಏನೇ ಇರ್ಲಿ, ಕಾಯಿಲೆ ಕಂಡಿದ್ರೆ ಅವನು ಬಾಯಿ ಮುಚ್ಕೊಂಡಿರೋನಲ್ಲ' ಅಂತ ನಿಶ್ಚಿಂತೆಯಾಗಿದ್ರು. ನಿಮಗೆ ನಿಜವಾಗ್ಲೂ ಏನೂ ಕಾಣ್ಲಿಲ್ವಾ?"

ಇಲ್ಲವೆಂದರೆ ಮುಗಿಯುತ್ತಿತ್ತು. ಇಲ್ಲ ಅನ್ನಿ ಎಂಬಂತೆ ಬರಕಾತ್ ಕೂಡ ತಲೆ ಅಲ್ಲಾಡಿಸಿದ.

"ಕಂಡಿತ್ತಮ್ಮ," ಎಂದ ರಶೀಕ್.

ಬರಕಾತ್ ಕರ್ಪೂರದ ನೀರು ಹೊಯ್ದ. ರಶೀಕನ ಕೈ ಇನ್ನೂ ಅಲ್ಲೇ ಇತ್ತು. ನೀರು ಬೆರಳ ಸಂದಿಯಿಂದ ಇಳಿದುಹೋಯಿತು.

ಮಧ್ಯಾಹ್ನದ ನಮಾಜಿನ ನಂತರ ಹಿಬತುಲ್ಲನನ್ನು ಮಣ್ಣು ಮಾಡಿದರು. ಹೆಗಲು ಕೊಟ್ಟವರಲ್ಲಿ ರಶೀಕ್ ಇರಲಿಲ್ಲ, ತುರ್ಫಾ ಬೇಡವೆಂದಿದ್ದಳು.