ಸೊಳ್ಳೆ ಕಡಿಯದ ಪೀರಸಾಬ

ಶಾಂಭವಿ ಪೀರಸಾಬನ ಬೆರಳಿಗೆ ಸೂಜಿ ಚುಚ್ಚುವಾಗ ಆತ ನಗುತ್ತಿದ್ದ.

"ಸುಮ್ನ ಕಾಗದ ಹಾಳು ಮಾಡ್ತಿ ಬೇಟಿ. ನನಗ ಸೊಳ್ಳಿ ಕಡಿಯಂಗೇ ಇಲ್ಲ."

ಸರಸಂಬಾ ಊರಿನ ಶಾಂಭವಿ ಕಲಬುರಗಿಯ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದಳು. ಘತ್ತರಗಿಯ ಮನೆಮನೆಗೆ ಹೋಗಿ ಒಂದೊಂದು ಹನಿ ರಕ್ತವನ್ನು ಹೀರುಕಾಗದಕ್ಕೆ ಇಳಿಸಿಕೊಳ್ಳುತ್ತಿದ್ದಳು. ಸೊಳ್ಳೆ ಕಚ್ಚಿದಾಗ ಅದರ ಜೊಲ್ಲು ನಮ್ಮ ಮೈಗೆ ಸೇರುತ್ತದೆ. ಮೈ ಅದನ್ನು ಗುರುತು ಹಿಡಿದು ಪ್ರತಿಕಾಯ ತಯಾರಿಸುತ್ತದೆ. ಕಡಿತ ಹೆಚ್ಚಿದ್ದರೆ ಪ್ರತಿಕಾಯವೂ ಹೆಚ್ಚು. ಕೆಲವು ವಾರ ಕಡಿತ ನಿಂತರೆ ಅದೂ ಇಳಿಯುತ್ತದೆ. ಹಗಲು ಕಚ್ಚುವ ಪಟ್ಟೆಕಾಲಿನ ಸೊಳ್ಳೆ ಯಾರನ್ನು ಎಷ್ಟು ಕಚ್ಚಿದೆ ಎಂದು ಹೀಗೆ ಅಳೆಯುವುದು ಅವಳ ಕೆಲಸ.

ಊರಿನ ಹೆಚ್ಚಿನವರ ಪ್ರತಿಕಾಯದ ಅಂಕಿ ಇಪ್ಪತ್ತರಿಂದ ನಲವತ್ತರೊಳಗೆ ಬಂತು. ಪೀರಸಾಬನ ಹೆಂಡತಿ ನಜಮುನ್ನಿಸಾಳದು ಇಪ್ಪತ್ತಾರು. ಪೀರಸಾಬನದು ತೊಂಬತ್ತೊಂದು. ಕಾಗದ ಅದಲುಬದಲಾಗಿರಬೇಕೆಂದು ಶಾಂಭವಿ ಮತ್ತೊಮ್ಮೆ ಪರೀಕ್ಷಿಸಿದಳು. ತೊಂಬತ್ತು. ಕುತೂಹಲ ತಡೆಯಲಾಗದೆ ಮರುದಿನವೇ ಬಸ್ಸು ಹತ್ತಿದಳು.

ಪೀರಸಾಬನನ್ನು ಬೇವಿನ ಮರದ ಕೆಳಗೆ ಕರೆದು ಹೇಳಿದಳು: "ಕಾಕಾ, ಊರಾಗ ಎಲ್ಲಾರಿಗಿಂತ ಜಾಸ್ತಿ ಸೊಳ್ಳಿ ಕಡಿದದ್ದು ನಿಮಗರಿ."

ಆತ ಮುಂಗೈಯನ್ನು ಹಿಂದೆಮುಂದೆ ತಿರುಗಿಸಿ ನೋಡಿಕೊಂಡ. "ಮತ್ತ ಗುಳ್ಳಿ ಯಾಕ ಏಳವಲ್ದು?"

"ಭಾಳ ದಿನ ಕಡಿಸಿಕೊಂಡ್ರ ಕೆಲವರ ಮೈಗೆ ರೂಢಿ ಆಗ್ತದ್ರಿ. ಗುಳ್ಳಿ ಏಳಂಗಿಲ್ಲ, ತುರಿಸಂಗಿಲ್ಲ. ರಕ್ತಕ್ಕ ಮಾತ್ರ ಗೊತ್ತಿರ್ತದ."

ಪೀರಸಾಬ ದನಿ ತಗ್ಗಿಸಿದ. "ಎಲ್ಲಿ ಕಡಿದಾವ ಅಂತನೂ ಹೇಳ್ತದೇನು?"

"ಇಲ್ರಿ, ಎಷ್ಟು ಅಂತ ಅಷ್ಟೇ. ಇವು ಹಗಲಿ ಕಡಿಯೋ ಸೊಳ್ಳಿ. ಮಧ್ಯಾಹ್ನ ನೀವು ಎಲ್ಲಿರ್ತೀರಿ?"

ಆತ ಚಪ್ಪಲಿ ಮೆಟ್ಟಿದ. "ಬಾ ತೋರಿಸ್ತೇನಿ. ಮನ್ಯಾಗ ಹೇಳಬ್ಯಾಡ."

ಓಣಿಯ ಹಿಂದಿನಿಂದ ಹೋಗಿ ಪೀರಸಾಬನ ಹಳೆಯ ಗೆಳೆಯ ಗುರಣ್ಣನ ಮನೆಯ ಹಿತ್ತಲ ಕೋಣೆ ಹೊಕ್ಕರು. ಹೊಲದ ಬದುವಿನ ಜಗಳದಿಂದ ಎರಡು ಮನೆಗಳ ನಡುವೆ ಹತ್ತು ವರ್ಷದಿಂದ ಮಾತಿರಲಿಲ್ಲ. ಗುರಣ್ಣನಿಗೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋದ ಮೇಲೆ, ಮಕ್ಕಳು ಹೊಲಕ್ಕೆ ಹೋದ ಹೊತ್ತಿನಲ್ಲಿ ಪೀರಸಾಬ ದಿನಾ ಬಂದು ಕೂರುತ್ತಿದ್ದ. ಗುರಣ್ಣನ ಸೊಸೆ ಕಸ್ತೂರಿಬಾಯಿಗೆ ಮಾತ್ರ ಅದು ಗೊತ್ತಿತ್ತು.

ಗುರಣ್ಣನಿಗೆ ಸೊಳ್ಳೆಪರದೆಯೊಳಗೆ ಉಸಿರು ಕಟ್ಟಿದಂತಾಗುತ್ತಿತ್ತು. ಪೀರಸಾಬ ಅದನ್ನು ಮೇಲೆತ್ತಿ ಕಟ್ಟಿ, ಹೆಗಲ ಮೇಲಿನ ಟವೆಲ್ಲಿನಿಂದ ಗೆಳೆಯನ ಮೈಗೆ ಗಾಳಿ ಹಾಕತೊಡಗಿದ. ಅಲ್ಲಿಂದ ಎದ್ದ ಸೊಳ್ಳೆಗಳು ಅವನದೇ ಕುತ್ತಿಗೆಯ ಮೇಲೆ ಕೂತವು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಶಾಂಭವಿ ಗುರಣ್ಣನಿಂದಲೂ ಒಂದು ಹನಿ ತೆಗೆದುಕೊಂಡು, ಸೊಳ್ಳೆ ಎಲ್ಲಿ ಹುಟ್ಟುತ್ತಿದೆಯೆಂದು ಹುಡುಕಲು ನಿಂತಳು. ಕಿಟಕಿಯ ಹೊರಗೆ, ದನಕ್ಕೆ ನೀರು ಕುಡಿಸುವ ಹಳೆಯ ಕಲ್ಲುಬಾನಿಯಲ್ಲಿ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು. ಕಸ್ತೂರಿಬಾಯಿಯೂ ಬಂದಳು; ಮೂವರೂ ಸೇರಿ ನೀರು ಚೆಲ್ಲಿ ಬಾನಿ ತಿಕ್ಕಿದರು. ಪೀರಸಾಬ ಕಾಲು ಜಾರಿ ಬಿದ್ದು ಪೂರ್ತಿ ತೊಯ್ದುಹೋದ.

ಕಿಟಕಿಯೊಳಗಿಂದ ನೋಡುತ್ತಿದ್ದ ಗುರಣ್ಣ ಅರ್ಧ ಬಾಯಲ್ಲೇ ನಕ್ಕ. "ಹಿಂಗ ಮನಿಗೆ ಹೋದ್ರ... ಏನಂತ ಹೇಳ್ತಿ?"

ಪೀರಸಾಬ ಅಂಗಿ ಹಿಂಡಿಕೊಂಡ. "ಖರೇನೇ ಹೇಳ್ತೇನಿ."

ಏಳು ವಾರದ ನಂತರ ಶಾಂಭವಿ ಎರಡನೇ ಹನಿಗೆಂದು ಬಂದಾಗ ನಜಮುನ್ನಿಸಾ ಡಬ್ಬಿ ಹಿಡಿದು ಹೊರಟಿದ್ದಳು. "ಅವರು ಗುರಣ್ಣನ ಮನ್ಯಾಗ ಅದಾರ. ಅಲ್ಲಿಗೇ ಊಟ ಒಯ್ಯಾಕತ್ತೇನಿ, ಬಾ."

ಗುರಣ್ಣ ತನ್ನ ಅಂಕಿ ಕೇಳಿದ. ಮೊದಲ ಸಲದ್ದು ಇಪ್ಪತ್ತೆಂಟು ಎಂದಳು ಶಾಂಭವಿ.

"ನಂದು ತೊಂಬತ್ತೊಂದು," ಎಂದ ಪೀರಸಾಬ.

"ಇಬ್ಬರೂ ಒಂದೇ ಕಡೆ ಇರ್ತೇವಿ... ಇವಗ್ಯಾಕ ಅಷ್ಟು?"

"ಇವರು ನಿಮ್ಮ ಪಾಲಿಂದೂ ಕಡಿಸಿಕೊಂಡಾರ್ರಿ," ಎಂದಳು ಶಾಂಭವಿ.

ಗುರಣ್ಣ ಬಲಗೈ ಚಾಚಿ ಗೆಳೆಯನ ಮೊಣಕಾಲು ಹಿಡಿದುಕೊಂಡ. ನಜಮುನ್ನಿಸಾ ಡಬ್ಬಿ ಬಿಚ್ಚಿದಳು.

ವಾರದ ಮೇಲೆ ಶಾಂಭವಿ ಫೋನ್ ಮಾಡಿದಳು. ಪೀರಸಾಬನ ಅಂಕಿ ನಲವತ್ತಮೂರಕ್ಕೆ ಇಳಿದಿತ್ತು.

"ಇನ್ನೂ ನಲವತ್ಮೂರು ಅಂದ್ರ ಇನ್ನೆಲ್ಲೋ ಅದಾವ," ಎಂದ ಆತ. "ಹಿಂದಿನ ಓಣ್ಯಾಗ ಒಂದು ಒಡಕ ಮಣ್ಣಿನ ಹರವಿ ಅದ, ನೀರು ನಿಂತಿರಬೇಕು. ನೋಡಿ ಬರ್ತೇನಿ, ಫೋನ್ ಇಡಬ್ಯಾಡ."