ಎರಡಾಳಿನ ಮುಯ್ಯಿ

ಎಪ್ಪತ್ತೊಂಬತ್ತರ ಕಾರ್ತಿಕ ಮುಗಿಯುತ್ತ ಬಂದಿತ್ತು. ಬೀಡಿ ಎಂಬ ಊರಿನ ಗದ್ದೆಗಳಲ್ಲಿ ಭತ್ತದ ಕೊಯ್ಲು ನಡೆದಿತ್ತು. ಶನಿವಾರವೆಲ್ಲ ಕಾಶವ್ವ, ಅವಳ ಒಬ್ಬನೇ ಮಗ ನಾಗಲಿಂಗ ಇಬ್ಬರೂ ಬಾಳಪ್ಪನ ಗದ್ದೆ ಕೊಯ್ದುಕೊಟ್ಟಿದ್ದರು. ಅದಕ್ಕೆ ಕೂಲಿ ಇಲ್ಲ, ಮುಯ್ಯಿ. ಎರಡಾಳು ಬಂದು ದುಡಿದರೆ ಎರಡಾಳು ಹೋಗಿ ತೀರಿಸಬೇಕು. ಭಾನುವಾರ ಬಾಳಪ್ಪ ಹೆಂಡತಿ ಶಿವಬಸವ್ವನ ಜೊತೆ ಕಾಶವ್ವನ ಗದ್ದೆಗಿಳಿಯಬೇಕಿತ್ತು.

ಅವತ್ತೇ ಬೆಳಗಾವಿಯಲ್ಲಿ ಫುಟ್‌ಬಾಲ್ ಕಪ್ಪಿನ ಫೈನಲ್ಲು, ಬೀಡಿಗೂ ಖಾನಾಪುರ ಪ್ಯಾಟೆಗೂ. ಕೂಗಿ ಹುರಿದುಂಬಿಸಲು ಊರ ಹುಡುಗರು ಲಾರಿ ಮಾಡಿಕೊಂಡು ಹೊರಟಿದ್ದರು. ಬಾಳಪ್ಪ ಕುಡುಗೋಲಿಲ್ಲದೆ ಬರಿಗೈಯಲ್ಲಿ ಕಾಶವ್ವನ ಬದುವಿನ ಮೇಲೆ ಬಂದು ನಿಂತ.

"ನಾಗಲಿಂಗನ್ನ ಕಳಸ ಚಿಗವ್ವ. ಇವನಂಥಾ ದನಿ ನಮ್ಮ ಲಾರಿಯಾಗ ಯಾರಿಗೂ ಇಲ್ಲ. ನಿನ್ನ ಎರಡಾಳ ನಾಳೆ ತೀರಸ್ತೀನಿ."

"ಭತ್ತ ಉದರಾಕತ್ತೈತಿ," ಅಂದಳು ಕಾಶವ್ವ. "ನೀವು ಒದರಿದ್ರ ಚೆಂಡು ತಾನಾಗೇ ಒಳಗ ಹೋಗತೈತೇನು?"

ಮಗ ಆಗಲೇ ಕಾಲು ತೊಳೆಯುತ್ತಿದ್ದ. ಹೊತ್ತು ಮುಳುಗುವುದರೊಳಗೆ ಅವನನ್ನು ಮನೆಗೆ ತಂದು ಬಿಡು ಎಂದು ಬಾಳಪ್ಪನಿಗೆ ಹೇಳಿ ಅವಳು ಮತ್ತೆ ಬಗ್ಗಿದಳು.

ಬೀಡಿ ಒಂದೇ ಗೋಲಿನಿಂದ ಗೆದ್ದಿತು. ಗೆದ್ದವರು ಸೋತವರ ಊರ ನಡುವೆ ಲಾರಿಯ ಮೇಲೆ ನಿಂತು, ಹಲಗಿ ಬಡಿಯುತ್ತ ಹಾಯಬೇಕು, ಅದು ಪದ್ಧತಿ. ಹಿಂದಿನ ವರ್ಷ ಪ್ಯಾಟೆಯವರು ಹಾಗೇ ಬೀಡಿಯೊಳಗೆ ಎರಡು ಸುತ್ತು ಹಾಕಿ ಹೋಗಿದ್ದರು. ಖಾನಾಪುರ ಬಂದಾಗ ನಾಗಲಿಂಗ ಒದರಿ ಒದರಿ ದನಿ ಕಟ್ಟಿ, ಲಾರಿಯ ಹಗ್ಗ ಹಿಡಿದು ಕೂತಿದ್ದ. ಬಾಳಪ್ಪ ರಟ್ಟೆ ಹಿಡಿದು ಅವನನ್ನು ಕ್ಯಾಬಿನ್ನಿನ ಮೇಲೆ ಹತ್ತಿಸಿ ಬಾವುಟ ಕೊಟ್ಟ.

"ಎದ್ದು ನಿಲ್ಲೋ. ಕುಂತು ಹಾದ್ರ ಸೋತವರಂಗ ಕಾಣತೀವಿ."

ಪ್ಯಾಟೆಯವರು ಕಲ್ಲು ಬೀಸಲಿಲ್ಲ. ಅಂಗಡಿಕಟ್ಟೆಗಳ ಮೇಲೆ ಸುಮ್ಮನೆ ಕೂತು ನೋಡಿದರು. ಅದಕ್ಕೇ ಇವರ ಹುರುಪು ಹೆಚ್ಚಾಯಿತು. ಊರು ದಾಟಿದರೂ ಎಲ್ಲರ ಮುಖ ಹಿಂದಕ್ಕೇ ಇತ್ತು, ಬಾಳಪ್ಪನದೂ, ನಾಗಲಿಂಗನದೂ. ರಸ್ತೆಗೆ ಬಾಗಿದ ಆಲದ ಕೊಂಬೆಯನ್ನು ಯಾರೂ ನೋಡಲಿಲ್ಲ. ಹಲಗಿಯ ಸದ್ದಿನಲ್ಲಿ ಹೊಡೆತವೂ ಕೇಳಲಿಲ್ಲ. ಲಾರಿ ನಿಂತಾಗ ನಾಗಲಿಂಗ ಹಿಂದೆ ಡಾಂಬರಿನ ಮೇಲೆ ಬಿದ್ದಿದ್ದ. ಓಡಿಬಂದು ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಟ್ಟವನು ಪ್ಯಾಟೆಯವನೇ ಒಬ್ಬ. ನೀರು ಒಳಗೆ ಇಳಿಯಲಿಲ್ಲ.

ಮಣ್ಣು ಕೊಟ್ಟ ಐದನೆಯ ದಿನ ಬಾಳಪ್ಪ, ಶಿವಬಸವ್ವ ಕುಡುಗೋಲು ಹಿಡಿದು ಬಂದರು. ಕಾಶವ್ವ ಆಗಲೇ ಕೊಯ್ಯುತ್ತಿದ್ದಳು. ಇಬ್ಬರೂ ಪಕ್ಕದ ಸಾಲು ಹಿಡಿದು ಬಗ್ಗಿದರು. ಮುಯ್ಯಾಳಿಗೆ ಉಣ್ಣಲು ಕೊಡುವುದು ಗದ್ದೆಯವರ ಪಾಲಿನದು. ಮಧ್ಯಾಹ್ನ ಇಬ್ಬರ ಮುಂದೆ ರೊಟ್ಟಿ, ಪಲ್ಯ ಇಟ್ಟಳು. ತಾನು ದೂರ ಹೋಗಿ ಕೂತಳು. ಬಾಳಪ್ಪ ರೊಟ್ಟಿ ಮಡಿಚಿಟ್ಟು ಕುಡುಗೋಲು ಹಿಡಿದು ಎದ್ದ.

ಸಂಜೆಗೆ ಅರ್ಧ ಗದ್ದೆ ಉಳಿದಿತ್ತು. ನಾಳೆಯೂ ಬರುತ್ತೇವೆ, ಮುಗಿಯುವ ತನಕ ಬರುತ್ತೇವೆ ಎಂದ ಬಾಳಪ್ಪ, ನೆಲ ನೋಡುತ್ತ.

"ಎರಡಾಳ ಬಂದಿದ್ವಿ. ಎರಡಾಳ ಬಂದ್ರಿ. ತೀರಿತು," ಅಂದಳು ಕಾಶವ್ವ. "ನಾಳೆ ಬಂದ್ರ ನಾ ನಿನ್ನ ಗದ್ದಿಗೆ ಮತ್ತ ಎರಡಾಳ ಕಳಸಬೇಕಾಕ್ಕತಿ. ಎಲ್ಲಿಂದ ತರ್ಲಿ, ಬಾಳಪ್ಪ?"

ಹಾಗೆ ಅಂದವಳೇ, ಬೆಳಕು ಇರುವಷ್ಟು ಹೊತ್ತು ಇನ್ನೊಂದು ಸಾಲು ಆದೀತೆಂದು ಬಗ್ಗಿದಳು.