ಹೂವಮ್ಮ ಬರೆದ ಬುಟ್ಟಿ

ಸಾಗರದ ಕುಮಾರ ಯಾವ ಹಳೆಯ ವಸ್ತು ಕೊಂಡರೂ ಮೊದಲು ಅದರ ಊನಗಳ ಫೋಟೋ ತೆಗೆಯುತ್ತಾನೆ. ಬಿರುಕು, ತುಕ್ಕು, ಮುರಿದ ಹಿಡಿ. ಆನ್‌ಲೈನಿನಲ್ಲಿ ಕೊಳ್ಳುವ ಸಂಗ್ರಾಹಕರಿಗೆ ಚೆಂದವನ್ನು ಆಮೇಲೆ ತೋರಿಸಿದರೂ ನಡೆಯುತ್ತದೆ. ಊನ ಮುಚ್ಚಿಟ್ಟರೆ ಪಾರ್ಸೆಲ್ ವಾಪಸ್ ಬರುತ್ತದೆ. ತೀರ್ಥಹಳ್ಳಿಯಿಂದ ತಂದ ಗ್ರಾಮಫೋನು ಹಾಗೆ ವಾಪಸ್ ಬಂದು ಅವನ ಮಂಚದ ಕೆಳಗೆ ಕೂತಿದೆ.

ನಿಟ್ಟೂರಿನ ಹತ್ತಿರ ಬೆಳ್ಳಪ್ಪನ ಮನೆಗೆ ಹೋದದ್ದು ಹಳೆಯ ಗೋಡೆ ಗಡಿಯಾರವಿದೆ ಎಂದು ಕೇಳಿ. ಗಡಿಯಾರ ಪ್ಲಾಸ್ಟಿಕ್ಕಿನದು. ಹೊರಡುವಾಗ ಮಾಡಿನ ಕೊಕ್ಕೆಯಲ್ಲಿ ಒಂದು ಬುಟ್ಟಿ ಕಂಡಿತು. ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಎಡೆ ಹೊರುವ ಬಿದಿರಿನ ಬುಟ್ಟಿ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳು: ಏಣಿ, ತೆನೆ, ಜೋಡೆತ್ತು. ಕೂದಲೆಳೆಯಷ್ಟು ಸಣ್ಣ ಗೆರೆಗಳು, ಒಂದೂ ನಡುಗಿರಲಿಲ್ಲ.

“ಯಾರು ಬರ್ದಿದ್ದು?”

“ನಮ್ಮನೇವ್ಳು, ಹೂವಮ್ಮ. ಮಾಘದಲ್ಲಿ ತೀರ್ಹೋದ್ಲು.”

ಊರಿನ ಮದುವೆಗಳಿಗೆಲ್ಲ ಹಸೆಗೋಡೆಯ ಚಿತ್ತಾರ ಬರೆದವಳು ಅವಳೇ. ಆ ಗೋಡೆಗಳಿಗೆ ಈಗ ಡಿಸ್ಟೆಂಪರ್, ಟೈಲ್ಸ್. ಅವಳು ಬರೆದದ್ದು ಉಳಿದಿರುವುದು ಈ ಬುಟ್ಟಿಯಲ್ಲಿ ಮಾತ್ರ. ಅದಕ್ಕೂ ಹುಳ ಬಿದ್ದಿತ್ತು.

ಇಂಥ ಬುಟ್ಟಿ ಬೇಕೆಂದು ಮೈಸೂರಿನ ದೀಪ್ತಿ ಎಂಬ ಸಂಗ್ರಾಹಕಿ ಕುಮಾರನಿಗೆ ಹೇಳಿಟ್ಟಿದ್ದಳು. ಅವಳಿಗಾಗಿ ಕೊಡ್ತೀರಾ ಎಂದು ಅವನು ಬೆಳ್ಳಪ್ಪನನ್ನು ಕೇಳಿದ.

“ಕೊಟ್ರೆ ಅದನ್ನ ಎಂತ ಮಾಡ್ತಾರೆ ಮಾರಾಯ? ಈರುಳ್ಳಿ ತುಂಬ್ತಾರಾ?”

“ಗಾಜಿನ ಪೆಟ್ಟಿಗೇಲಿ ಇಡ್ತಾರೆ ಬೆಳ್ಳಪ್ಪಣ್ಣ. ಹುಳ ಬರಲ್ಲ. ಜನ ಬಂದು ನೋಡ್ತಾರೆ.”

“ಹೆಸ್ರು?”

“ಯಾರ್ದು?”

“ಅವಳ್ದು. ಅಷ್ಟು ಮದ್ವೆಮನೇಲಿ ಬರ್ದ್ಲು. ಬಂದವ್ರು ಪಾಯ್ಸ ಮಾಡಿದ್ದು ಯಾರು ಅಂತ ಕೇಳ್ತಿದ್ರು. ಗೋಡೆ ಬರ್ದಿದ್ದು ಯಾರು ಅಂತ ಒಬ್ರೂ ಕೇಳ್ಲಿಲ್ಲ.”

ಕುಮಾರ ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕಿ ಫೋನ್ ಮಾಡಿದ. ದೀಪ್ತಿ ಒಪ್ಪಿದಳು. ಪೆಟ್ಟಿಗೆಯ ಕೆಳಗೆ ‘ಬರೆದವರು ಹೂವಮ್ಮ’ ಎಂದು ಹಾಕಿಸುತ್ತಾಳೆ.

“ಹಂಗಾದ್ರೆ ಒಯ್ಯಿ,” ಎಂದ ಬೆಳ್ಳಪ್ಪ. “ದುಡ್ಡು ನೀನೇ ಇಟ್ಕ. ಹೆಸ್ರು ಮಾತ್ರ ಸರೀ ಬರ್ಸು.”

ಕುಮಾರ ಅಭ್ಯಾಸದಂತೆ ಊನಗಳ ಫೋಟೋ ತೆಗೆದ: ಕಿತ್ತ ಅಂಚು, ಹುಳ ತಿಂದ ತಳ, ಮಣ್ಣು ಉದುರಿದ ಜಾಗ. ಅಷ್ಟರಲ್ಲಿ ಮೋಡ ಕವಿಯಿತು. ಗೆರೆಗಳ ಫೋಟೋಗೆ ಒಳ್ಳೆಯ ಬೆಳಕು ಬೇಕು. ಬೈಕಿನಲ್ಲಿ ಬುಟ್ಟಿ ಒಯ್ಯುವುದೂ ಆಗುವಂತಿರಲಿಲ್ಲ. “ಗುರುವಾರ ಬಾಡಿಗೆ ಓಮ್ನಿ ತರ್ತೀನಿ, ಅಲ್ಲೀತಂಕ ಇರ್ಲಿ,” ಎಂದು ಹೋದ. ಭೂಮಿ ಹುಣ್ಣಿಮೆ ಹತ್ತಿರ ಬಂದಿತ್ತು.

ಗುರುವಾರ ಬಂದಾಗ ಬುಟ್ಟಿ ಅಂಗಳದ ಬಿಸಿಲಿನಲ್ಲಿತ್ತು. ಇಡೀ ಬುಟ್ಟಿ ಕೆಂಪಗಿತ್ತು. ಒಂದು ಗೆರೆಯೂ ಇರಲಿಲ್ಲ. ಪಕ್ಕದಲ್ಲಿ ಬೆಳ್ಳಪ್ಪ ಕೂತಿದ್ದ. ಬೆರಳ ಸಂದಿಯಲ್ಲೆಲ್ಲ ಕೆಮ್ಮಣ್ಣು.

“ಎಂತ ಮಾಡಿದ್ರಿ ಇದು?”

ಬೆಳ್ಳಪ್ಪ ತಲೆ ಎತ್ತಲಿಲ್ಲ. “ಹಳೇ ಗೆರೆ ಇಟ್ಕಂಡು ಬುಟ್ಟಿ ಹೊಸ್ಲು ದಾಟಬಾರ್ದು. ವರ್ಷಾ ವರ್ಷಾ ಹೊಸ್ದಾಗಿ ಬರ್ದೇ ಹೊರಗೆ ತೆಗ್ಯೋದು. ಮಣ್ಣು ಬಳ್ಯೋದು ನನ್ ಕೆಲ್ಸ. ಬರ್ಯೋದು ಅವಳ್ದು.”

ಅವನ ಕಾಲ ಬಳಿ ತೆಂಗಿನ ಕರಟದಲ್ಲಿ ಅಕ್ಕಿಹಿಟ್ಟು ಕಲಸಿಟ್ಟಿತ್ತು. ನಾರಿನ ಕುಂಚವನ್ನೂ ಜಜ್ಜಿ ಸಿದ್ಧ ಮಾಡಿದ್ದ.

“ಎರಡ್ನೇ ಕೈ ಬಳ್ದೆ. ಒಣಗ್ತು ಬಾರೇ ಅಂತ ಕರ್ದೆ,” ಎಂದ. “ಕರ್ದ ಮೇಲೆ ಗೊತ್ತಾಯ್ತು.”

ಕುಮಾರ ಒದ್ದೆ ಬಟ್ಟೆಯ ತುದಿಯಿಂದ ಒಂದು ಕಡೆ ಒರೆಸಿ ನೋಡಿದ. ಕೆಂಪಿನ ಜೊತೆ ಬಿಳಿಯೂ ಎದ್ದು ಬಟ್ಟೆಗೆ ಬಂತು. ನಿಲ್ಲಿಸಿದ. ಮತ್ತೆ ಗುಡ್ಡ ಹತ್ತಿ ದೀಪ್ತಿಗೆ ಫೋನ್ ಮಾಡಿ ಇಳಿದು ಬಂದ.

“ಬೇಡ ಅಂದ್ರು.”

“ಹೆಸ್ರು?”

ಕುಮಾರ ಫೋನನ್ನು ಜೇಬಿಗೆ ಹಾಕಿದ.

“ಅವತ್ತು ಫೋಟೋ ತೆಗ್ದಿದ್ಯಲ್ಲ, ತೋರ್ಸು.”

ಕುಮಾರ ತೋರಿಸಿದ. ಕಿತ್ತ ಅಂಚು. ಹುಳ ತಿಂದ ತಳ. ಕೊನೆಯದು ಮಣ್ಣು ಉದುರಿದ ಜಾಗ. ಅದರ ಬಲ ಅಂಚಿನಲ್ಲಿ ಏಣಿಯ ಎರಡು ಮೆಟ್ಟಿಲು, ಎತ್ತಿನ ಹಿಂಗಾಲು.

ಬೆಳ್ಳಪ್ಪ ಫೋನನ್ನು ಕಣ್ಣಿನ ಹತ್ತಿರ ಹಿಡಿದ. “ಈಚೆ ಜರುಗ್ಸು. ಎತ್ತು ಪೂರಾ ಕಾಣ್ಲಿ.”

“ಅಷ್ಟೇ ಇರೋದು ಬೆಳ್ಳಪ್ಪಣ್ಣ. ನಾನು ಹಾಳಾಗಿದ್ದಷ್ಟೇ ತೆಗ್ದಿದ್ದು.”

ಬೆಳ್ಳಪ್ಪ ತಾನೇ ಬೆರಳಿನಿಂದ ಜರುಗಿಸಿ ನೋಡಿದ. ಫೋಟೋ ಸರಿದು ವಾಪಸ್ ತನ್ನ ಜಾಗಕ್ಕೇ ಬಂತು. ಗಾಜಿನ ಮೇಲೆ ಕೆಮ್ಮಣ್ಣು ಹತ್ತಿತು. ಅದನ್ನು ಲುಂಗಿಯಲ್ಲಿ ಒರೆಸಿ ಫೋನ್ ಹಿಂದಕ್ಕೆ ಕೊಟ್ಟ. ಎದ್ದು ಹೋಗಿ ಕರಟದ ಹಿಟ್ಟನ್ನು ಕೋಳಿಗಳಿಗೆ ಚೆಲ್ಲಿದ.

“ಬಾಡಿಗೆ ಗಾಡಿ ತಂದೀಯ, ಖಾಲಿ ಹೋಗ್ಬೇಡ,” ಎಂದ. “ಆ ಗಡಿಯಾರ ಒಯ್ಯಿ.”

ಕುಮಾರ ಗಡಿಯಾರ ಒಯ್ದ.